ದೇವಿಯ ಮುಂದಿಟ್ಟ ಎರಡು ಚೀಟಿ

ಮೂರು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಕೊಲ್ಲಿ ನಾಡಿನ ಅಬ್ಕೈಕ್‌ನ ನಮ್ಮ ಫ್ಲ್ಯಾಟಿನಲ್ಲಿ ಮಾತೇ ನಿಂತುಹೋಗಿತ್ತು. ನನ್ನ ಹೆಂಡತಿ ಸುಮತಿಗೆ ಸ್ತನ ಕ್ಯಾನ್ಸರ್. ದಮ್ಮಾಮಿನ ಆಸ್ಪತ್ರೆಯಲ್ಲಿ ಮೂರು ಕೀಮೋ ಆಗಿತ್ತು, ಇನ್ನೂ ಐದು ಬಾಕಿ. "ಇನ್ನು ನನ್ನಿಂದ ಆಗುದಿಲ್ಲ, ಊರಿಗೆ ಕಳಿಸಿಬಿಡಿ" ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ನಾಲ್ಕನೆಯದಕ್ಕೆ ಕೊಟ್ಟ ದಿನ ಹೋಗಲೇ ಇಲ್ಲ. ನಾನು ಬೇಡಿಕೊಂಡೆ, ಗದರಿದೆ, ಅತ್ತೂಬಿಟ್ಟೆ. ಅವಳು ಜಗ್ಗಲಿಲ್ಲ.

ಅದೇ ಹೊತ್ತಿಗೆ ಮಗಳು ಶ್ರಾವ್ಯಳ ಹನ್ನೆರಡನೇ ತರಗತಿ ಮುಗಿಯಿತು. ಪಶು ಆಸ್ಪತ್ರೆಯಲ್ಲಿ ತಂತ್ರಜ್ಞೆಯಾಗಬೇಕೆಂದು ಅವಳ ಹಠ. ಊರಲ್ಲಿ ಎರಡು ವರ್ಷದ ಡಿಪ್ಲೊಮಾ ಮಾಡಿದರೆ ಇಂಜೆಕ್ಷನ್, ಬ್ಯಾಂಡೇಜು ಕಲಿತು ಬೇಗ ಕೆಲಸಕ್ಕೆ ಸೇರಬಹುದು. ನಾಲ್ಕು ವರ್ಷದ ಡಿಗ್ರಿಯಾದರೆ ಲ್ಯಾಬು, ಅರಿವಳಿಕೆ, ಆಪರೇಷನ್ ಥಿಯೇಟರು ಎಲ್ಲ ಇದೆ. ಅವಳ ಮನಸ್ಸಿದ್ದದ್ದು ನಾಲ್ಕು ವರ್ಷದ್ದರಲ್ಲಿ. ಆದರೂ ಅಮ್ಮನ ಮುಖ ನೋಡಿ, "ಯಾವುದಾದ್ರೂ ಆಗ್ತದೆ ಪಪ್ಪ" ಎನ್ನುತ್ತಿದ್ದಳು.

"ದೇವಿಯನ್ನೇ ಕೇಳುವ" ಎಂದಳು ಸುಮತಿ.

ತೀರ್ಮಾನವಾಗದ್ದನ್ನು ಚೀಟಿ ಬರೆದು ದೇವರ ಮುಂದಿಡುವುದು ನಮ್ಮ ಮನೆಯ ರೂಢಿ. ಎತ್ತಿದ್ದೇ ದೇವರ ಮಾತು. ಉಳಿದದ್ದನ್ನು ಬಿಡಿಸಿ ನೋಡಬಾರದು, ನೀರಿಗೆ ಹಾಕಬೇಕು. ಈ ದೇಶದಲ್ಲಿ ಹೊರಗೆ ಕಾಣುವಂತೆ ಪೂಜೆ ಮಾಡುವ ಹಾಗಿಲ್ಲ, ನಮ್ಮ ದೇವಿಯ ಫೋಟೋ ಇರುವುದು ಬಟ್ಟೆ ಕಪಾಟಿನೊಳಗೆ. ಶುಕ್ರವಾರ ಬೆಳಿಗ್ಗೆ ದೀಪ ಹಚ್ಚಿ ನಾನೇ ಚೀಟಿ ಬರೆದೆ.

ಎರಡರಲ್ಲೂ "ಎರಡು ವರ್ಷ" ಎಂದೇ ಬರೆದೆ.

ಇದನ್ನು ಓದುವ ಭಕ್ತರೇ, ಹೇಳುವುದಕ್ಕೆ ಈಗಲೂ ನಾಚಿಕೆ. ಸುಮತಿ ನಾಲ್ಕು ವರ್ಷ ಬದುಕಲಾರಳು ಎಂದು ನಾನೇ ಲೆಕ್ಕ ಹಾಕಿದ್ದೆ. ಮಗಳು ಕೆಲಸಕ್ಕೆ ಸೇರುವುದನ್ನಾದರೂ ಅವಳು ನೋಡಲಿ ಎಂದಿತ್ತು. ಮೂವತ್ತು ವರ್ಷ ಕೈಮುಗಿದವನು ದೇವಿಗೇ ಟೋಪಿ ಹಾಕಿದೆ.

ಸುಮತಿ ಒಂದನ್ನು ಎತ್ತಿ ಓದಿದಳು. ಶ್ರಾವ್ಯ "ಸರಿ" ಎಂದು ತನ್ನ ಕೋಣೆಗೆ ಹೋದಳು. ಇನ್ನೊಂದನ್ನು ನಾನು ತೆಗೆಯುವಷ್ಟರಲ್ಲಿ ಕೆಳಗೆ ಕಂಪೆನಿ ಬಸ್ಸು ಹಾರ್ನ್ ಹೊಡೆಯಿತು. ಶುಕ್ರವಾರ ಇಲ್ಲಿ ವಾರದ ರಜೆ, ಆದರೂ ಅವತ್ತು ನನಗೆ ಡ್ಯೂಟಿ. ಚೀಟಿ ತಟ್ಟೆಯಲ್ಲೇ ಉಳಿಯಿತು.

ಸಂಜೆ ಬಂದಾಗ ಸುಮತಿ ಎದ್ದು ಕೂತಿದ್ದಳು. ಕೈಯಲ್ಲಿ ಒದ್ದೆ ಚೀಟಿ. ರೂಢಿಯಂತೆ ನೀರಿಗೆ ಹಾಕಿದ್ದಳು, ಅದು ತಾನಾಗಿ ಬಿಚ್ಚಿಕೊಂಡಿತ್ತು.

"ಇದು ಎಂತ?"

ನಾನು ಚೀಟಿಗೆ ಕೈ ಚಾಚಿದೆ, ಅವಳು ಕೊಡಲಿಲ್ಲ.

"ನಾಲ್ಕು ವರ್ಷ ನಾನಿರುದಿಲ್ಲ ಅಂತ ನೀವೇ ತೀರ್ಮಾನ ಮಾಡಿದ್ರಾ? ದೇವಿ ಹತ್ರವೂ ಸುಳ್ಳು ಹೇಳಿಸಿದ್ರಾ?"

ಅವಳು ಅಳಲಿಲ್ಲ, ಸಿಟ್ಟಿನಿಂದ ಚೀಟಿಯನ್ನು ನನ್ನ ಮುಂದೆ ಎಸೆದಳು. ನಾನು ಅವಳ ಕಾಲ ಬಳಿ ಕೂತೆ.

"ಶ್ರಾವ್ಯ ನಾಲ್ಕು ವರ್ಷದ್ದೇ ಓದ್ಲಿ. ಆಸ್ಪತ್ರೆಗೆ ಫೋನ್ ಮಾಡಿ. ನಾನು ಬರ್ತೇನೆ."

ನಾನು ಹೇಳಿ, ಡಾಕ್ಟರು ಹೇಳಿ ಆಗದ್ದು ಹಾಗೆ ಆಯಿತು. ನನ್ನ ಮೋಸವನ್ನೇ ದೇವಿ ಅವಳಿಗೆ ಔಷಧ ಮಾಡಿ ಕೊಟ್ಟಳು ಎಂದು ನಾನು ನಂಬಿದ್ದೇನೆ. ವಾಂತಿ, ಬಾಯಿಹುಣ್ಣು, ದಾರಿ ಮಧ್ಯೆ ಕಾರು ನಿಲ್ಲಿಸಿ ಮರಳಿನ ಮೇಲೆ ಕೂರಿಸಿಕೊಂಡದ್ದು, ಎಲ್ಲ ದಾಟಿ ಉಳಿದ ಐದನ್ನೂ ಮುಗಿಸಿದಳು.

ಶ್ರಾವ್ಯ ಈಗ ಊರಲ್ಲಿ ಡಿಗ್ರಿಯ ಮೂರನೆಯ ವರ್ಷ ಮುಗಿಸುತ್ತಿದ್ದಾಳೆ. ಸುಮತಿಯ ಕಾಯಿಲೆ ಕಳೆದ ಚಳಿಗಾಲದಲ್ಲಿ ಮೂಳೆಗೆ ಮರಳಿ ಬಂದಿದೆ. ಪೂರ್ತಿ ಗುಣವಾಯಿತು ಎಂದು ಬರೆಯಲಾರೆ. ಮೊನ್ನೆ ವಿಡಿಯೋ ಕಾಲಿನಲ್ಲಿ ಮಗಳು, ಡಾಕ್ಟರ ಪಕ್ಕ ನಿಂತು ಎಮ್ಮೆಗೆ ಅರಿವಳಿಕೆ ಕೊಟ್ಟದ್ದನ್ನು ಹೇಳಿದಳು.

"ಮತ್ತೆ ಎದ್ದಿತಾ ಅದು?" ಎಂದಳು ಸುಮತಿ.

"ಎದ್ದು ಹುಲ್ಲೂ ತಿಂತು ಅಮ್ಮ!"

ಸುಮತಿ ಕೆಮ್ಮು ಬರುವಷ್ಟು ನಕ್ಕಳು. ನಾನು ಎದ್ದುಹೋಗಿ ದೇವಿಗೆ ಕೈಮುಗಿದೆ. ಇಷ್ಟು ಕೊಟ್ಟೆ ತಾಯೀ, ಇನ್ನೂ ಕೇಳುವುದಕ್ಕೆ ಭಯ. ಆದರೂ ನಿನ್ನನ್ನಲ್ಲದೆ ಯಾರನ್ನು ಕೇಳಲಿ, ಇನ್ನೊಂದು ವರ್ಷ ಕೊಡು.