ತಂತಿಯ ತುದಿ ಒಳಗಿರಲಿ

ಅವರ ಎರಡೂ ಮುಂಗೈ ಮೇಲೆ ಬೆಕ್ಕು ಪರಚಿದಂಥ ಗೀರುಗಳಿರುತ್ತಿದ್ದವು. ಕೆಲವು ಹಳೆಯವು, ಮಾಸಿ ಬೆಳ್ಳಗಾದವು. ಕೆಲವು ನಿನ್ನೆ ಮೊನ್ನೆಯವು, ಮೇಲೆ ಟಿಂಚರಿನ ಕಂದು ಕಲೆ. ತೊಂಬತ್ತರ ದಶಕದಲ್ಲಿ ಮದುವೆಯಾಗಿ ಅರಸೀಕೆರೆಗೆ ಬಂದ ಹೊಸದರಲ್ಲಿ, ಬಿಳಿ ಸೀರೆಯ ನರ್ಸೊಬ್ಬರ ಕೈ ಹೀಗಿರುವುದನ್ನು ನೋಡಿ ಬೆಕ್ಕು ಸಾಕಿದ್ದೀರಾ ಎಂದು ಕೇಳಿದ್ದೆ. "ಬೆಕ್ಕಲ್ಲ ಕಣಮ್ಮ, ಜಾಲರಿ" ಎಂದರು.

ಬೀದಿಗೆಲ್ಲ ಅವರು ಸಿಸ್ಟರ್. ನಮ್ಮ ಎದುರು ಮನೆ. ಊರು ಬೇಲೂರು ಕಡೆಯ ಬಿಕ್ಕೋಡು. ಅಪ್ಪ ಅಮ್ಮ ಕಾಫಿ ತೋಟದ ಕೂಲಿಯವರು. ಓದಿ, ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಹಿಡಿದು, ಒಬ್ಬರೇ ಇದ್ದರು. ನಡುಮನೆಯಲ್ಲಿ ಬುದ್ಧನ ಪಟ. ಬಿಡುವಾದಾಗಲೆಲ್ಲ ಬೀದಿಯಲ್ಲಿ ಹಣ್ಣಿನ ಸಸಿ ನೆಟ್ಟು, ಅದಕ್ಕೆ ತಂತಿ ಜಾಲರಿಯ ಪಂಜರ ಕಟ್ಟುವುದು ಅವರ ಹುಚ್ಚು. ಹಣ್ಣಿನದೇ ಏಕೆ ಎಂದರೆ, "ನಮ್ಮೂರಲ್ಲಿ ಮರದಲ್ಲಿರೋ ಹಣ್ಣು ತೋಟದೋರದ್ದು, ನೆಲಕ್ಕೆ ಬಿದ್ದಿದ್ದು ನಮ್ದು. ಕಿತ್ತು ತಿನ್ನೋ ಆಸೆ ಹಂಗೇ ಉಳ್ಕೊಂಡೈತೆ" ಎನ್ನುತ್ತಿದ್ದರು.

ಪಂಜರ ಕಟ್ಟುವುದನ್ನು ನಾನು ಅವರಿಂದಲೇ ಕಲಿತೆ. ಜಾಲರಿಯ ಸುರುಳಿಯನ್ನು ರಸ್ತೆಯ ಮೇಲೆ ಬಿಚ್ಚಿ, ಮೂಲೆಗಳಿಗೆ ಕಲ್ಲು ಹೇರಿ, ಕತ್ತರಿಸಿ, ನೀರಿನ ಡ್ರಮ್ಮಿಗೆ ಸುತ್ತಿ ದುಂಡಗೆ ಮಾಡಿ ಬಿಗಿಯಬೇಕು. ಮೇಕೆ ಹಿಂಗಾಲಲ್ಲಿ ನಿಂತು ಕತ್ತು ಚಾಚಿದರೂ ಎಲೆ ಸಿಗಬಾರದು. ಬುಡ ಒಂದು ಗೇಣು ಮಣ್ಣೊಳಗೆ ಹೋಗಬೇಕು. ಕತ್ತರಿಸಿದ ತಂತಿಯ ತುದಿಗಳನ್ನು ಒಂದೊಂದಾಗಿ ಒಳಕ್ಕೆ ಮಡಚಬೇಕು. ಮೇಕೆಗೆ ಚುಚ್ಚುವಂತೆ ಹೊರಗೇ ಬಿಟ್ಟರಾಗದೇ ಎಂದೆ ಒಮ್ಮೆ. "ಮೇಕೆಗಿಂತ ಮೊದ್ಲು ಮಕ್ಕಳಿಗೆ ಚುಚ್ಚುತ್ತೆ. ಆಮೇಲೆ ಟಿ.ಟಿ. ಇಂಜೆಕ್ಷನ್ ಕೊಡೋಳೂ ನಾನೇ" ಎಂದರು. ಸಸಿ ನೆಟ್ಟರೆ ಅವರ ಬಾಯಲ್ಲಿ ಅದು ಅಡ್ಮಿಟ್. ಕಾಂಡ ಗಟ್ಟಿಯಾಗಿ ಪಂಜರ ತೆಗೆದರೆ ಡಿಸ್ಚಾರ್ಜ್. ನೀರು ಹಾಕದ ಮನೆಯವರನ್ನು ಬೀದಿಯಲ್ಲೇ ನಿಲ್ಲಿಸಿ ಗದರುತ್ತಿದ್ದರು.

ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಅತ್ತೆ ಕಣಕಟ್ಟೆ ಕಡೆಯವರು, ಸಕ್ಕರೆ ಕಾಯಿಲೆ. ಸಿಸ್ಟರ್ ಡ್ಯೂಟಿಗೆ ಹೋಗುವ ಮೊದಲು ದಿನಾ ಬಂದು ಇನ್ಸುಲಿನ್ ಕೊಡುತ್ತಿದ್ದರು. ಅತ್ತೆ ಅವರಿಗೆ ತೋಳು ಕೊಡುತ್ತಿದ್ದರೇ ಹೊರತು ಒಂದು ಲೋಟ ಕಾಫಿ ಕೊಡುತ್ತಿರಲಿಲ್ಲ. ಅವರ ಮನೆಯದನ್ನು ಏನೂ ತೆಗೆದುಕೊಳ್ಳುತ್ತಲೂ ಇರಲಿಲ್ಲ. ಹಬ್ಬಕ್ಕೆ ಉಳಿದ ಮನೆಗಳ ನಡುವೆ ಬಟ್ಟಲುಗಳು ಓಡಾಡಿದರೂ ಎದುರು ಮನೆಯ ಬಟ್ಟಲು ನಮ್ಮ ಹೊಸ್ತಿಲು ದಾಟಿರಲಿಲ್ಲ. ಜಾತಿ ಎಂಬ ಮಾತನ್ನು ಯಾರೂ ಎತ್ತುತ್ತಿರಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ನಾನು ಮಾತ್ರ ಅವರ ಮನೆಯಲ್ಲಿ ಕಾಫಿ ಕುಡಿದು, ಬಾಯಿ ಒರೆಸಿಕೊಂಡು ಬರುತ್ತಿದ್ದೆ. "ಸೂಜಿಗೆ ಮಡಿ ಇಲ್ಲ ಬಿಡಮ್ಮ" ಎಂದು ಸಿಸ್ಟರ್ ನಗುತ್ತಿದ್ದರು. ಆ ನಗುವಿನಲ್ಲಿ ನೋವಿತ್ತು. ನಮ್ಮತ್ತೆ ತಮ್ಮ ಕೈಯಿಂದ ಒಂದು ಹಣ್ಣಾದರೂ ತೆಗೆದುಕೊಳ್ಳಬೇಕು ಎಂಬ ಹಟವೂ ಇತ್ತು. ಅದನ್ನು ನನ್ನ ಹತ್ತಿರ ಬಾಯಿಬಿಟ್ಟೇ ಹೇಳಿದ್ದರು.

ಒಂದು ಮಳೆಗಾಲ ನಮ್ಮ ಗೇಟಿನ ಪಕ್ಕ ನೇರಳೆ ಸಸಿ ನೆಟ್ಟು, ಪಂಜರಕ್ಕೆ ಎಣ್ಣೆ ಡಬ್ಬದ ತಗಡೊಂದನ್ನು ಕಟ್ಟಿದರು. ಅದರ ಮೇಲೆ ಬಣ್ಣದಲ್ಲಿ 'ಕೊಬ್ಬರಿ ಮನೆ' ಎಂದು ಬರೆದಿತ್ತು. ಗಿಡ ನಿನ್ನದು, ಹೆಸರು ನಮ್ಮದೇಕೆ ಎಂದು ಅತ್ತೆ ಕೇಳಿದರು.

"ನೆಡೋದು ಒಂದಿನದ ಕೆಲಸ ಅಮ್ಮ. ಕಾಯೋರ ಹೆಸ್ರು ಹಾಕ್ಬೇಕು. ನೇರಳೆ ನಿಮ್ಮ ಕಾಯಿಲೆಗೂ ಒಳ್ಳೇದು."

ಹೆಸರು ಬಿದ್ದ ಮೇಲೆ ಅತ್ತೆಗೆ ಬೇರೆ ದಾರಿಯಿರಲಿಲ್ಲ. ಗಿಡ ಒಣಗಿದರೆ ಬೀದಿಯವರ ಬಾಯಿಗೆ ಬೀಳುವುದು ನಮ್ಮ ಮನೆಯೇ. ಅಕ್ಕಿ ತೊಳೆದ ನೀರನ್ನು ತಾವೇ ತಂದು ಸುರಿದರು, ಕೋಲು ಹಿಡಿದು ಮೇಕೆ ಅಟ್ಟಿದರು. ಚರಂಡಿ ಕೆಲಸದವರು ಪಂಜರ ಕೀಳಲು ಬಂದಾಗ, ತಗಡು ತೋರಿಸಿ, "ಓದಕ್ಕೆ ಬರಲ್ವೇನ್ರೋ? ನಮ್ಮನೆ ಹೆಸ್ರು ಐತೆ" ಎಂದು ಅಡ್ಡ ನಿಂತುಬಿಟ್ಟರು. ಎದುರು ಜಗಲಿಯಲ್ಲಿ ಸಿಸ್ಟರ್ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಗಿಡ ಡಿಸ್ಚಾರ್ಜ್ ಆಗಿ ಕೆಲವು ವರ್ಷಗಳ ಮೇಲೆ ಹಣ್ಣು ಬಿಟ್ಟಿತು. ಒಂದು ಬೆಳಿಗ್ಗೆ ಸಿಸ್ಟರ್ ಸೂಜಿಯ ಜೊತೆಗೆ ಸ್ಟೀಲ್ ಬಟ್ಟಲಿನ ತುಂಬ ನೇರಳೆ ತಂದರು. ಹಣ್ಣು ನಮ್ಮ ಮರದ್ದು, ಬಟ್ಟಲು ಅವರ ಮನೆಯದು. ಅತ್ತೆ ಬಟ್ಟಲನ್ನೇ ನೋಡುತ್ತ ಕೂತರು. ಕೊನೆಗೆ ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ಬೀಜ ಉಗಿದು, ನನ್ನ ಕಡೆ ತಿರುಗಿದರು.

"ಬರೀ ಬಟ್ಲು ವಾಪಸ್ ಕೊಡಬಾರ್ದು ಕಣೇ. ಕೊಬ್ಬರಿ ಹಾಕ್ಕೊಡು."

ಅಂದು ಸಿಸ್ಟರ್ ಇನ್ಸುಲಿನ್ ಕೊಡುವುದನ್ನೇ ಮರೆತು ಹೊರಟಿದ್ದರು. ಗೇಟಿನಿಂದ ನಾನೇ ಕರೆದು ತಂದೆ.

ಆಮೇಲೆ ಆ ಬಟ್ಟಲಿಗೆ ಬಿಡುವೇ ಇರಲಿಲ್ಲ. ಒಮ್ಮೆ ಚಟ್ನಿಪುಡಿ, ಒಮ್ಮೆ ಹುರಿಗಾಳು, ಅತ್ತಿಂದಿತ್ತ ಇತ್ತಿಂದತ್ತ. ಬೆಳಗಿನ ಕಾಫಿಯೂ ಶುರುವಾಯಿತು.

ನಿವೃತ್ತಿಯಾದ ಮೇಲೆ ಸಿಸ್ಟರ್ ಹೆಚ್ಚು ಕಾಲ ಇರಲಿಲ್ಲ. ಎದೆನೋವು ಎಂದು ಹಾಸನದ ಆಸ್ಪತ್ರೆಗೆ ಹೋದವರು ಅಲ್ಲೇ ತೀರಿಕೊಂಡರು. ಆಗ ಬಟ್ಟಲು ನಮ್ಮ ಮನೆಯಲ್ಲಿತ್ತು, ಅವರು ಕೊಟ್ಟ ನಿಂಬೆ ಉಪ್ಪಿನಕಾಯಿಯ ಸಮೇತ. ಅತ್ತೆ ಅದನ್ನು ತೊಳೆದಿಟ್ಟು, ಹೋಗುತ್ತ ಬರುತ್ತ ನೋಡುತ್ತಿದ್ದರು.

ಆ ಮನೆಗೆ ಸಿಸ್ಟರ್ ಅವರ ತಂಗಿಯ ಮಗಳು ಬಂದಳು. ಬೀದಿಗೆಲ್ಲ ಗಿಡ ನೆಟ್ಟವರ ಗೇಟಿನ ಮುಂದೆ ಒಂದೂ ಗಿಡವಿರಲಿಲ್ಲ. ತಮ್ಮದು ಕಡೆಗೆ ಆದರಾಯಿತು ಎನ್ನುತ್ತಿದ್ದರು. ಮಳೆ ಹಿಡಿದ ಮೇಲೆ ಅತ್ತೆ ನಮ್ಮ ನೇರಳೆಯ ಬುಡದಲ್ಲಿ ತಾನಾಗಿ ಹುಟ್ಟಿದ್ದ ಸಸಿಯೊಂದನ್ನು ಮಣ್ಣಿನ ಸಮೇತ ಎಬ್ಬಿಸಿದರು. ಅದನ್ನು ಆ ಬಟ್ಟಲಿನಲ್ಲಿಟ್ಟುಕೊಂಡು, ನನ್ನ ತೋಳು ಹಿಡಿದು ಬೀದಿ ದಾಟಿದರು. ಆ ಮನೆಯ ಹೊಸ್ತಿಲನ್ನು ಅವರು ತುಳಿದದ್ದು ಅದೇ ಮೊದಲು. "ನಿಮ್ಮ ದೊಡ್ಡಮ್ಮನ ಬಟ್ಲು, ತಗೊಳವ್ವ" ಎಂದು ಹುಡುಗಿಯ ಕೈಗಿಟ್ಟರು.

ಪಂಜರ ನಾನು ಕಟ್ಟಿದೆ. ಡ್ರಮ್ಮಿಗೆ ಸುತ್ತುವಾಗ ಮುಂಗೈಯೆಲ್ಲ ಗೀರಿತು. ಎಲ್ಲ ಮುಗಿದ ಮೇಲೆ ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಎಲ್ಲಾದರೂ ತುದಿ ಹೊರಗೆ ಉಳಿದಿದೆಯೇ ಎಂದು ಜಾಲರಿಯನ್ನು ಬರಿಗೈಯಲ್ಲಿ ಸುತ್ತಲೂ ಸವರಿ ನೋಡಿದರು.