ನೆಲ ಬಿಟ್ಟ ಗಳಿಗೆ

ಶಿಕಾರಿಪುರದ ಕಡೆ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವ ಗೌರೀಶಂಕರ ಓಡಿದ್ದನ್ನು ಕಂಡವರು ಯಾರೂ ಇಲ್ಲ. ಸೊಂಟ ಕುಣಿಸುತ್ತ, ಮೊಣಕೈ ಬೀಸುತ್ತ, ದಡದ ಮೇಲೆ ಬಾತುಕೋಳಿ ಹೋದ ಹಾಗೆ ಅವನು ಬಿರಬಿರನೆ ಬರೀ ನಡೆಯುತ್ತಾನೆ. ನಾಯಿ ಅಟ್ಟಿಸಿಕೊಂಡು ಬಂದರೂ ಅಷ್ಟೇ. ತಾಳಗುಂದದ ನಾಯಿಗಳೇ ಸುಸ್ತಾಗಿ ದಾರಿಯಲ್ಲಿ ಕೂತುಬಿಡುತ್ತವೆ. ಸೊರಬದ ಬಸ್ಸು ಹೊರಟು, ಕಂಡಕ್ಟರ್ "ಓಡಿ ಬರ್ರೀ ಗೌರೀಶಣ್ಣ!" ಎಂದು ಕೂಗಿದರೆ, "ನೀವು ಹೋಗ್ರೀ. ಒಂದು ಕಾಲು ನೆಲದ ಮ್ಯಾಲೆ ಇರ್ಲೇಬೇಕು, ಅದು ರೂಲ್ಸು" ಎನ್ನುತ್ತಾನೆ. ಮುಹೂರ್ತ ಮೀರುತ್ತಿದ್ದಾಗಲೂ ಮದುವೆ ಮಂಟಪಕ್ಕೆ ಹೀಗೇ ನಡೆದು ಬಂದನೆಂದು ಹೆಂಡತಿ ಕ್ಷಮಾ ಇವತ್ತಿಗೂ ಆಡಿಕೊಳ್ಳುತ್ತಾಳೆ. ಕಾಲೇಜಿನಲ್ಲಿ ಅವನದು ವೇಗದ ನಡಿಗೆ ಸ್ಪರ್ಧೆ; ಎರಡೂ ಕಾಲು ಒಟ್ಟಿಗೆ ನೆಲ ಬಿಟ್ಟರೆ ಅದು ಓಟ, ಸ್ಪರ್ಧೆಯಿಂದ ಹೊರಗೆ. ಕೊನೆಯ ವರ್ಷದ ಕ್ರೀಡಾಕೂಟದಲ್ಲಿ ಎಲ್ಲರಿಗಿಂತ ಮುಂದಿದ್ದ; ಗೆಲುವಿನ ಗೆರೆಗೆ ಹತ್ತೇ ಹೆಜ್ಜೆ ಇದ್ದಾಗ ಖುಷಿ ತಡೆಯಲಾರದೆ ಎರಡೂ ಕಾಲು ನೆಲ ಬಿಟ್ಟವು, ತೀರ್ಪುಗಾರರು ಕೆಂಪು ಫಲಕ ಎತ್ತಿ ಹೊರಗೆ ಹಾಕಿದರು. ಪದಕ ಹೋದದ್ದಕ್ಕೆ ಬೇಜಾರಿಲ್ಲವೇ ಎಂದರೆ, "ಆ ಗಳಿಗೆ ಮೈಗೆ ತೂಕಾನೇ ಇರ್ಲಿಲ್ಲ ಕಣ್ರೀ" ಎಂದು ಎತ್ತಲೋ ನೋಡುತ್ತಾನೆ. ಭಾನುವಾರ ಬೆಳಕು ಹರಿಯುವಾಗ ಅಂಬ್ಲಿಗೊಳ ಜಲಾಶಯದ ಏರಿಯ ಮೇಲೆ ಮಂಜು ಕವಿದಿರುತ್ತದೆ. ಏರಿ ಎಲ್ಲಿ ಮುಗಿದು ನೀರು ಎಲ್ಲಿ ಶುರುವೋ ತಿಳಿಯುವುದಿಲ್ಲ. ಆ ಬಿಳುಪಿನೊಳಗೆ ಅವನು ಬಿರಬಿರನೆ ನಡೆಯುತ್ತ ಬಂದು, ಗೆಲುವಿನ ಗೆರೆಯೆಂದು ತಾನೇ ಎಣಿಸಿಕೊಂಡ ಏರಿಯ ಕೊನೆಯ ಕಲ್ಲಿಗೆ ಹತ್ತು ಹೆಜ್ಜೆ ಇರುವಾಗ ಎರಡೂ ಕಾಲು ಎತ್ತಿ ಒಮ್ಮೆ ಹಾರುತ್ತಾನೆ. ನೋಡುವವರು ಯಾರೂ ಇಲ್ಲದಿದ್ದರೂ ಅಲ್ಲೇ ನಿಂತು, ತನ್ನನ್ನು ತಾನೇ ಸ್ಪರ್ಧೆಯಿಂದ ಹೊರಗೆ ಹಾಕಿಕೊಂಡು, ಕೊನೆಯ ಕಲ್ಲು ಮುಟ್ಟದೆ ನಗುತ್ತ ಹಿಂದಿರುಗುತ್ತಾನೆ.