ಹಲಸಿಯಿಂದ ಬಂದ ಸೋರುವ ಹೃದಯ

ಕ್ಯಾಂಪ್ ಬಡಾವಣೆಯ ನಮ್ಮ ದವಾಖಾನೆಗೆ ಹೃದಯದೊಳಗಿನ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಎಕೋ ಯಂತ್ರ ಆಗಷ್ಟೇ ಬಂದಿತ್ತು. ಹಲಸಿ ಎಂಬ ಹಳ್ಳಿಯ ಅಜ್ಜರೊಬ್ಬರು ತಮ್ಮ ಹೆಂಡತಿಯನ್ನು ತುಂಬಿದ ಹಾಲಿನ ಚರಿಗೆಯ ಹಾಗೆ ಹಿಡಿದುಕೊಂಡು ಒಳಗೆ ಬಂದರು. ಅಜ್ಜಿಯನ್ನು ಮಲಗಿಸಿ, ಎಡಕ್ಕೆ ಹೊರಳಿ ಅಂದೆ.

“ಹೊರಳಸಬ್ಯಾಡ್ರಿ ಡಾಕ್ಟರ್ ಬಾಯಾರ!” ಅಜ್ಜ ಅಡ್ಡ ಬಂದರು. “ವಾಲ್ವ್ ಸೋರಾಕತ್ತೈತಿ ಅಂತ ಖಾನಾಪುರದ ಡಾಕ್ಟರ್ ಹೇಳ್ಯಾರ. ರಗತ ಒಳಗ ಚೆಲ್ಲಿದ್ರ? ನಾ ಆಕಿಗೆ ತಿಂಗಳಾತು ಬಗ್ಗಾಕ ಬಿಟ್ಟಿಲ್ಲ.”

ಪರೀಕ್ಷೆ ಮುಗಿಸಿ ಯಂತ್ರದ ಪರದೆಯನ್ನು ಅವರತ್ತ ತಿರುಗಿಸಿದೆ. “ವಾಲ್ವ್ ಅಂದ್ರ ಕದ ಇದ್ದಂಗ ರೀ ಅಜ್ಜಾರ. ಪೂರಾ ಮುಚ್ಚವಲ್ದು, ಅದಕ್ಕ ತುಸು ರಗತ ಬಂದ ದಾರೀಲೆ ಹಿಂದಕ್ಕ ಹೊಕ್ಕೈತಿ. ಎಲ್ಲೂ ಚೆಲ್ಲೂದಿಲ್ಲ. ಇವರದು ಭಾಳ ಸಣ್ಣ ಸೋರಿಕಿ. ಮನಿಕೆಲಸ ಮಾಡ್ಲಿ, ಆಗಾಗ ತಂದು ತೋರಸ್ರಿ, ಸಾಕು.”

ಅಜ್ಜ ಕಣ್ಣೊರೆಸಿಕೊಂಡು ಚಹಾ ತರಲು ಹೊರಗೆ ಹೋದರು. ಅಜ್ಜಿ ಮಾತ್ರ ಮುಖ ಸಣ್ಣದು ಮಾಡಿ ನನ್ನ ಕೈ ಹಿಡಿದರು.

“ಹೇಳಾಕ ಅಷ್ಟ್ಯಾಕ ಅವಸರ ಮಾಡಿದಿ ನನ್ನವ್ವಾ? ನಮ್ಮವರು ಲಗ್ನಾದಾಗಿಂದ ಒಲಿ ಮುಂದ ಕುಂತವರಲ್ಲ, ಈಗ ಜೋಳದ ಭಾಕರಿ ಬಡಿಯಾಕ ಕಲಿಯಾಕತ್ತಿದ್ರು.”

ಅಜ್ಜ ಚಹಾ ಹಿಡಿದು ಬಂದಾಗ ಹೇಳಿದೆ: “ಎಲ್ಲಾ ಕೆಲಸ ಮಾಡ್ಲಿ. ಭಾಕರಿ ಮಾತ್ರ ನೀವ ಬಡೀರಿ.”

ಯಾವ ವೈದ್ಯಕೀಯ ಪುಸ್ತಕದಲ್ಲೂ ಇಲ್ಲದ ಈ ಪಥ್ಯಕ್ಕೆ ಅಜ್ಜ ಕಾರಣ ಕೇಳಲಿಲ್ಲ. “ಎಷ್ಟು ತೆಳ್ಳಗ ಬಡೀಬೇಕ್ರಿ ಬಾಯಾರ?” ಅಂದರು.